ಒಂಬತ್ತು ಹೊಳಿಯಮ್ಮಂದಿರ ಚಾಳೀಸು

ನಿಶಾತಳ ಅಪ್ಪ ದಾದೇಸಾಬ ಗಂಗಾವತಿಯಲ್ಲಿ ಬಳೆ ಅಂಗಡಿ ಇಟ್ಟವನು. ಮಗಳು ಲ್ಯಾಪ್‌ಟಾಪು ತೆರೆದು ಕೂತಾಗಲೆಲ್ಲ ಏನು ಮಾಡುತ್ತಿದ್ದೀ ಎಂದು ಕೇಳುವುದು ಅವನ ಚಾಳಿ. ಎರಡು ಅರೇ ಕೂಡಿಸುತ್ತಿದ್ದೇನೆ ಎಂದು ಅವಳು ಒಮ್ಮೆ ಹೇಳಿದಳು. ದಾದೇಸಾಬನಿಗೆ ಅರೇ ಎಂದರೆ ಕೈಯಿಂದ ಬಳೆ ಜಾರಿದಾಗ ಬಾಯಿಂದ ಬರುವ ಮಾತು. ಅದನ್ನು ಎರಡೆರಡು ಸಲ ಹೇಳುವುದಕ್ಕೂ ಒಂದು ನೌಕರಿ ಇದೆಯೇ ಎಂದು ಅವನು ಹೊಟ್ಟೆ ಹಿಡಿದು ನಕ್ಕ.

ಅರೇ ಎಂದರೆ ಅಂಥ ದೊಡ್ಡ ಸಂಗತಿಯೇನಲ್ಲ. ಒಂದರ ಹಿಂದೆ ಒಂದು ಸಾಲಾಗಿ ನಿಂತ ಹೆಸರುಗಳು, ಇಲ್ಲವೇ ಸಾಲಾಗಿ ನಿಂತ ಅಂಕಿಗಳು. ಆ ಸಾಲುಗಳನ್ನು ಹೀಗೆ ಕೂಡಿಸು, ಹಾಗೆ ತೆಗೆ ಎಂದು ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ ಬರೆದು ಕೇಳುವುದಕ್ಕೆ ಕ್ವೆರಿ ಎನ್ನುತ್ತಾರೆ. ನಿಶಾತಳಿಗೆ ಈ ಕೆಲಸ ಕೊಟ್ಟದ್ದು ಕೊಪ್ಪಳದ ಒಂದು ಕಣ್ಣಿನ ಸೇವಾಸಂಸ್ಥೆ. ಅವರು ಹಳ್ಳಿಗಳಿಗೆ ಹೋಗಿ ಕಣ್ಣು ತಪಾಸಿಸಿ, ತಿಂಗಳ ಮೇಲೆ ಪುಕ್ಕಟೆ ಚಾಳೀಸು, ಅಂದರೆ ಕನ್ನಡಕ, ಹಂಚುತ್ತಿದ್ದರು. ಯಾರಿಗೆ ಯಾವ ನಂಬರಿನ ಚಾಳೀಸು ಎಂಬ ಪಟ್ಟಿ ತೆಗೆದುಕೊಡುವುದು ಅವಳ ಪಾಲಿನ ಕೆಲಸ. ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿತ್ತು. ಇದು ಅವಳೊಬ್ಬಳೇ ಮಾಡಿದ ಮೊದಲ ಪಟ್ಟಿ. ಇದು ಸರಿಹೋದರೆ ಮುಂದೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳೂ ಅವಳ ಕೈಗೇ ಬರುವುದಿತ್ತು.

ತಪಾಸಣೆ ನಡೆದದ್ದು ಸಾಣಾಪುರದಲ್ಲಿ ಮೂವತ್ತೆಂಟು ಜನಕ್ಕೆ, ವಿರೂಪಾಪುರಗಡ್ಡೆಯಲ್ಲಿ ಇಪ್ಪತ್ತೈದು ಜನಕ್ಕೆ. ಎರಡೂ ಕಡೆ ಹೆಸರು ಬರೆದುಕೊಂಡವಳು ಆಶಾ ಕಾರ್ಯಕರ್ತೆ ಕನಕಮ್ಮ. ಕನಕಮ್ಮನಿಗೆ ಊರಿನ ಪ್ರತಿ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದೂ ಗೊತ್ತು. ಅವಳು ಊರು ಕರೆಯುವ ಹಾಗೆಯೇ ಬರೆದಿದ್ದಳು. ಹೊಳೆಯ ದಂಡೆಯ ಈ ಊರುಗಳಲ್ಲಿ ಹೆಣ್ಣು ಹುಟ್ಟಿದರೆ ಹೊಳಿಯಮ್ಮ, ಗಂಡು ಹುಟ್ಟಿದರೆ ಹೊಳಿಯಪ್ಪ ಎಂದು ಕರೆದು ನಿಶ್ಚಿಂತರಾಗುವ ಮನೆಗಳು ಬಹಳ. ಹಾಗಾಗಿ ಹೆಸರಿನ ಜೊತೆಗೆ ಇನ್ನೊಂದು ಹೆಸರು ಬೇಕೇಬೇಕು. ಕನಕಮ್ಮನ ನೋಟುಬುಕ್ಕಿನಲ್ಲಿ ಅಗಸಿ ಹೊಳಿಯಮ್ಮ, ಗಿಡ್ಡ ಹೊಳಿಯಮ್ಮ, ಎಮ್ಮಿ ಹೊಳಿಯಮ್ಮ, ನಿದ್ದಿಗಣ್ಣ ಮಾರೆಮ್ಮ, ಬೀಡಿ ರಾಜಾಸಾಬ ಎಂದೆಲ್ಲ ಸಾಲು ಹಿಡಿದು ನಿಂತಿದ್ದವು.

ನಿಶಾತಳಿಗೆ ಅದನ್ನು ಓದಿಯೇ ಮುಖ ಬಿಸಿಯಾಯಿತು. ಹಿರಿಯರಿಗೆ ಬಹುವಚನ ತಪ್ಪಿದರೆ ಊಟಕ್ಕೆ ಕೂರಿಸದ ಅಪ್ಪನ ಮಗಳು ಅವಳು. ಚಾಳೀಸಿನ ಡಬ್ಬಿಯ ಮೇಲೆ ಎಮ್ಮಿ ಎಂದೂ ಗಿಡ್ಡ ಎಂದೂ ಅಚ್ಚು ಹಾಕಿಸಿ ಅವರ ಕೈಗೇ ಕೊಡುವುದೇ? ಪಾಪ, ಎಷ್ಟು ನೊಂದುಕೊಂಡಾರು. ಅವಳು ಒಂದು ಸಂಜೆ ಪೂರ್ತಿ ಕೂತು ಎಲ್ಲರ ಹೆಸರಿಗೆ ಅಂಟಿದ ಅಡ್ಡಹೆಸರಿನ ಬಾಲವನ್ನೂ ಕತ್ತರಿಸಿ ಹೆಸರುಗಳನ್ನು ಚೊಕ್ಕ ಮಾಡಿದಳು. ಇಂಥ ಒಳ್ಳೆಯತನ ಮಾಡುವಾಗ ಮನುಷ್ಯನಿಗೆ ಆಗುವ ಸಂತೋಷವೇ ಬೇರೆ.

ಆಮೇಲೆ ಕ್ವೆರಿ ಬರೆದಳು. ಗಡ್ಡೆಯ ಕೆಲವರು ಎರಡೂ ಊರಿನಲ್ಲಿ ಹೆಸರು ಕೊಟ್ಟಿರಬಹುದು ಎಂಬ ಗುಮಾನಿಯಿಂದ, ಎರಡು ಊರಿನ ಹೆಸರಿನ ಸಾಲುಗಳನ್ನು ಕೂಡಿಸು, ಒಂದೇ ಹೆಸರು ಮತ್ತೆ ಬಂದರೆ ಬಿಟ್ಟುಬಿಡು ಎಂದಳು. ಕಣ್ಣಿನ ನಂಬರುಗಳನ್ನು ಮಾತ್ರ ಒಂದರ ಹಿಂದೆ ಒಂದು ಹಾಗೆಯೇ ಕೂಡಿಸಿದಳು. ಒಂದೇ ನಂಬರು ಹತ್ತು ಜನಕ್ಕೆ ಬಂದಿರಬಹುದಲ್ಲ. ಕೊನೆಗೆ ಹೆಸರಿನ ಸಾಲನ್ನೂ ನಂಬರಿನ ಸಾಲನ್ನೂ ಎದುರುಬದುರು ನಿಲ್ಲಿಸಿ, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಜೋಡಿ ಮಾಡಿಸಿದಳು. ಚಾಳೀಸಿನ ಅಂಗಡಿಯಿಂದ ಸರಿಯಾಗಿ ಅರವತ್ತಮೂರು ಡಬ್ಬಿ ಬಂದವು. ಅವಳು ಡಬ್ಬಿ ಎಣಿಸಿದಳೇ ಹೊರತು ಹೆಸರು ಎಣಿಸಲಿಲ್ಲ.

ಹಂಚುವ ದಿನ ಸಾಣಾಪುರದ ಸಮುದಾಯ ಭವನದಲ್ಲಿ ಬೆಳಿಗ್ಗೆ ಹತ್ತಕ್ಕೇ ಎರಡೂ ಊರಿನ ಜನ ಸೇರಿತ್ತು. ಕಾಲುವೆಗೆ ನೀರು ಬಿಟ್ಟಿದ್ದರು. ಮಾರನೆಯ ದಿನ ನಸುಕಿನಲ್ಲೇ ಅರ್ಧ ಊರು ಸಿಂಧನೂರು ಕಡೆ ಭತ್ತದ ಸಸಿ ಹಚ್ಚಲು ಹೊರಡುವುದಿತ್ತು. ಹೋದವರು ಮತ್ತೆ ಊರು ಕಾಣುವುದು ತಿಂಗಳ ಮೇಲೆ. ಆದ್ದರಿಂದ ಇವತ್ತು ಎಂದರೆ ಇವತ್ತೇ.

ಮುಂದಿನ ಸಾಲಿನಲ್ಲಿ ಅಗಸಿ ಹೊಳಿಯಮ್ಮ ಕೂತಿದ್ದಳು. ಊರ ಬಾಗಿಲ ಪಕ್ಕ ಅವಳ ಮನೆ, ಅದಕ್ಕೇ ಆ ಹೆಸರು. ಎಪ್ಪತ್ತು ದಾಟಿದ ಮುದುಕಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ ಕೌದಿ ಹೊಲಿಯುವುದರಲ್ಲಿ ಆಕೆಯನ್ನು ಸರಿಗಟ್ಟುವವರು ಆ ಸುತ್ತಿನಲ್ಲಿ ಇರಲಿಲ್ಲ. ಈಗ ನಾಲ್ಕು ವರ್ಷದಿಂದ ಸೂಜಿಯ ಕಣ್ಣು ಅವಳಿಗೆ ಕಾಣುತ್ತಿರಲಿಲ್ಲ. ನೆರೆಯವರು ದಿನಾ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಹೊಲಕ್ಕೆ ಹೋಗುತ್ತಿದ್ದರು. ಹತ್ತು ಮುಗಿದ ಮೇಲೆ ಅವಳು ಕೈಕಟ್ಟಿ ಕೂರುತ್ತಿದ್ದಳು. ಮೊಮ್ಮಗಳು ಸುಕನ್ಯಾಳ ಕೂಸಿಗೆಂದು ಹಿಡಿದ ಕೌದಿ ಅರ್ಧಕ್ಕೆ ನಿಂತಿತ್ತು. ಅವಳು ಅದನ್ನೂ, ಸೂಜಿದಾರವನ್ನೂ ಮಡಿಲಲ್ಲಿಟ್ಟುಕೊಂಡೇ ಬಂದಿದ್ದಳು.

ನಾಳೆಯಿಂದ ಸೂಜಿ ಪೋಣಿಸಿ ಕೊಡುವವರೂ ಊರಲ್ಲಿರುವುದಿಲ್ಲ ಎಂದು ಅವಳು ನಿಶಾತಳ ಕೈ ಹಿಡಿದು ಹೇಳಿದಳು. "ನಂದೊಂದು ಮೊದಲ ಕೊಡವ್ವ. ಸಾಯೂತನಕ ದಾರ ನಾನ ಪೋಣಿಸಿಕೋಬೇಕು ಅಂತ ಐತಿ ನಂದು."

ಕೊಡುತ್ತೇನೆ ಎಂದು ನಿಶಾತ ಮಾತು ಕೊಟ್ಟಳು.

ಮೊದಲ ಡಬ್ಬಿ ಶಹನಾಜಬೇಗಂದು. ಆಕೆ ಹಾಕಿಕೊಂಡು ಎದುರಿನ ಗೋಡೆಯ ಮೇಲಿನ ಬರಹವನ್ನು ಒಂದೂ ಅಕ್ಷರ ಬಿಡದೆ ಓದಿದಳು. ಜನ ಚಪ್ಪಾಳೆ ಹೊಡೆದರು. ನಿಶಾತಳಿಗೆ ಎದೆ ತುಂಬಿ ಬಂತು. ಎರಡನೆಯ ಡಬ್ಬಿ ಎತ್ತಿಕೊಂಡು, ಹೊಳಿಯಮ್ಮ ಎಂದು ಗಟ್ಟಿಯಾಗಿ ಕೂಗಿದಳು.

ಒಂಬತ್ತು ಜನ ಎದ್ದು ನಿಂತರು.

ಎದ್ದ ಒಂಬತ್ತು ಜನರಲ್ಲಿ ಎಂಟು ಜನ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೆ, ಒಬ್ಬಳು ಮಾತ್ರ ದಾಪುಗಾಲಿಟ್ಟು ಬಂದು ಡಬ್ಬಿ ಇಸಿದುಕೊಂಡಳು. ಕೆಂಪು ಚೌಕಟ್ಟಿನ ಚಾಳೀಸು. ಮೂಗಿಗೇರಿಸಿಕೊಂಡು ಸುತ್ತ ತಿರುಗಿ ಎಲ್ಲರಿಗೂ ತೋರಿಸಿದಳು. ಗಂಟಲು ದೊಡ್ಡದು, ಆಕೆಯ ಮುಂದೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಉಳಿದ ಎಂಟು ಡಬ್ಬಿ ಒಳಗಿರಬಹುದೆಂದು ನಿಶಾತ ಪೆಟ್ಟಿಗೆ ಕೆದಕಿದಳು. ಹೊಳಿಯಮ್ಮ ಎಂಬ ಹೆಸರಿನದು ಇನ್ನೊಂದಿರಲಿಲ್ಲ. ಬದಲಿಗೆ ತಳದಲ್ಲಿ ಹೆಸರೇ ಇಲ್ಲದ ಡಬ್ಬಿಗಳ ಒಂದು ರಾಶಿ ಸಿಕ್ಕಿತು. ಎಣಿಸಿದಳು; ಇಪ್ಪತ್ತೆರಡು.

ಅವನ್ನು ಪಕ್ಕಕ್ಕಿಟ್ಟು ಅವಳು ಮುಂದಿನ ಹೆಸರು ಕರೆದಳು. ಇನ್ನೂ ಮೂವರದು ಸರಿಯಾಯಿತು. ಆಮೇಲೆ ರಾಜಾಸಾಬ ಹಾಕಿಕೊಂಡ; ನೆಲವೇ ಎದ್ದು ಮುಖಕ್ಕೆ ಬಂದ ಹಾಗಾಯಿತು ಎಂದು ಕಂಬ ಹಿಡಿದುಕೊಂಡ. ಅವನ ಹಿಂದಿನವಳಿಗೆ ಪಕ್ಕದವಳು ಎರಡಾಗಿ ಕಂಡಳು. ಅದರ ಹಿಂದಿನವನು, ಚಾಳೀಸು ಇಲ್ಲದಿದ್ದಾಗಲೇ ತನಗೆ ಛಲೋ ಕಾಣುತ್ತಿತ್ತು ಎಂದು ತೆಗೆದು ಕೈಗೇ ಕೊಟ್ಟ.

ನಿಶಾತ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪು ತೆರೆದಳು. ನೋಡಿದ ಕೂಡಲೇ ಅರ್ಥವಾಯಿತು. ಬಾಲ ಕತ್ತರಿಸಿದ ಮೇಲೆ ಒಂಬತ್ತು ಹೊಳಿಯಮ್ಮಂದಿರೂ ಕಂಪ್ಯೂಟರಿಗೆ ಒಂದೇ ಹೊಳಿಯಮ್ಮ. ಮತ್ತೆ ಬಂದ ಹೆಸರು ಬಿಡು ಎಂದು ಅವಳೇ ಹೇಳಿದ್ದಳು, ಅದು ಬಿಟ್ಟಿತ್ತು. ಆರು ಮಾರೆಮ್ಮಂದಿರು ಒಬ್ಬಳಾಗಿ, ಐದು ಹೊಳಿಯಪ್ಪಂದಿರು ಒಬ್ಬನಾಗಿ, ಇನ್ನೂ ಕೆಲವರು ಹೀಗೆಯೇ ಕೂಡಿಹೋಗಿ, ಅರವತ್ತಮೂರು ಹೆಸರು ನಲವತ್ತೊಂದಕ್ಕೆ ಇಳಿದಿದ್ದವು. ನಂಬರುಗಳು ಮಾತ್ರ ಅರವತ್ತಮೂರೂ ಇದ್ದವು. ಒಂದು ಹೆಸರು ಬಿದ್ದಲ್ಲೆಲ್ಲ ಹಿಂದಿನವರು ಒಂದೊಂದು ಹೆಜ್ಜೆ ಮುಂದೆ ಸರಿದು ಇನ್ನೊಬ್ಬರ ನಂಬರಿನ ಎದುರು ನಿಂತಿದ್ದರು. ಚಾಳೀಸು ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಮೇಲಿನ ಹೆಸರುಗಳು ಮಾತ್ರ.

ಕೊಪ್ಪಳದಲ್ಲಿದ್ದ ಮೇಲಿನವರು ಕಾಶಿನಾಥ ಸರ್. ಅವಳು ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕೆಟ್ಟವರಲ್ಲ, ಆದರೆ ತಂಟೆಯ ವಾಸನೆ ಬಂದರೆ ಬೇಗ ಹೊದ್ದುಕೊಂಡು ಮಲಗುವ ಪೈಕಿ. ಎಲ್ಲ ಡಬ್ಬಿ ವಾಪಸು ತಗೊಂಡು ಬಾ, ಲೇಬಲ್ಲು ಅಂಟಿಸಿದವರ ತಪ್ಪು ಎಂದು ಹೇಳು, ಮುಂದಿನ ತಿಂಗಳು ನೋಡೋಣ ಎಂದರು. ನಿಶಾತ ಅಗಸಿ ಹೊಳಿಯಮ್ಮನ ಕಡೆ ನೋಡಿದಳು. ಮುದುಕಿ ಕೌದಿಯ ಮೇಲೆ ಎರಡೂ ಕೈ ಇಟ್ಟು, ಕಾಣದ ಕಣ್ಣನ್ನು ಇವಳ ಕಡೆಗೇ ನೆಟ್ಟು ಕೂತಿತ್ತು.

ಸಂಜೆಯೊಳಗೆ ಹಂಚಿ ಮುಗಿಸದಿದ್ದರೆ ತಾನೇ ಕೆಲಸ ಬಿಡುತ್ತೇನೆ ಎಂದು ಹೇಳಿ ಅವಳು ಫೋನು ಇಟ್ಟಳು. ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ಅವಳಿಗೇ ತಿಳಿಯಲಿಲ್ಲ.

ಭವನದ ನಡುವೆ ನಿಂತು ಅವಳು ಹೇಳಿದಳು. "ತಪ್ಪು ಅಂಗಡಿಯವರದಲ್ಲರಿ, ಕನಕಮ್ಮಾರದೂ ಅಲ್ಲ. ನಂದು. ಒಂಬತ್ತು ಮಂದಿನ್ನ ನಾ ಒಬ್ಬಾಕೀನ ಮಾಡಿಬಿಟ್ಟೀನಿ. ಎಲ್ಲಾರೂ ಚಾಳೀಸು ತಿರುಗಿ ಕೊಡ್ರಿ, ನಿಮ್ಮ ನಿಮ್ಮದು ನಿಮ್ಮ ಕೈಗೆ ಬರೂತನಕ ನಾ ಇಲ್ಲಿಂದ ಏಳೂದಿಲ್ಲ."

ಕನಕಮ್ಮ ಅದೇನು ಮಾಡಿದೆ ಎಂದು ವಿಚಾರಿಸಿದಳು. ಎರಡು ಅರೇ ಕೂಡಿಸಿದೆ ಎಂದು ನಿಶಾತ ಸಣ್ಣ ದನಿಯಲ್ಲಿ ಹೇಳಿದಳು. ಅದಕ್ಕೆ ಕನಕಮ್ಮ, ಎರಡು ಅರೆ ಕೂಡಿಸಿದರೆ ಒಂದಾಗದೆ ಒಂಬತ್ತಾಗುತ್ತದೆಯೇ, ಲೆಕ್ಕ ಸರಿಯಾಗಿಯೇ ಇದೆಯಲ್ಲ ಎಂದಳು. ಆ ಗಡಿಬಿಡಿಯಲ್ಲೂ ನಿಶಾತಳಿಗೆ ನಗು ತಡೆಯಲಾಗಲಿಲ್ಲ.

ಉಪಾಯ ಸರಳವಿತ್ತು. ತಪಾಸಣೆಯ ಕ್ರಮದಲ್ಲಿ ಬರೆದ ಹೆಸರುಗಳು, ಬಾಲ ಸಮೇತ, ಕನಕಮ್ಮನ ನೋಟುಬುಕ್ಕಿನಲ್ಲಿದ್ದವು. ಅದೇ ಕ್ರಮದ ನಂಬರುಗಳು ನಿಶಾತಳ ಲ್ಯಾಪ್‌ಟಾಪಿನಲ್ಲಿದ್ದವು. ಪ್ರತಿ ಡಬ್ಬಿಯ ಮೇಲೂ ಒಳಗಿನ ನಂಬರು ಬರೆದಿತ್ತು. ಕನಕಮ್ಮ ಕ್ರಮಸಂಖ್ಯೆ ಸಮೇತ ಒಂದು ಹೆಸರು ಓದಬೇಕು, ನಿಶಾತ ಆ ಕ್ರಮಸಂಖ್ಯೆಯ ಎದುರಿನ ನಂಬರು ಓದಬೇಕು, ಆ ನಂಬರಿನ ಡಬ್ಬಿ ಹುಡುಕಿ ಆ ಮನುಷ್ಯನ ಕೈಗೆ ಕೊಡಬೇಕು. ಕಂಪ್ಯೂಟರು ಮಾಡುವ ಜೋಡಿಯನ್ನೇ ಇಬ್ಬರು ಹೆಂಗಸರು ಬಾಯಿಂದ ಮಾಡುವುದು, ಅಷ್ಟೆ.

ತೊಡಕು ಇದ್ದದ್ದು ಎರಡನೆಯ ಹೆಸರಿನಲ್ಲೇ. ಅಗಸಿ ಹೊಳಿಯಮ್ಮನ ನಂಬರು ಪಟ್ಟಿಯಲ್ಲೇ ಎಲ್ಲಕ್ಕಿಂತ ದೊಡ್ಡದು. ಅದು ಒಂದೇ ಒಂದು, ಕೆಂಪು ಚೌಕಟ್ಟಿನದು, ಆ ದೊಡ್ಡ ಗಂಟಲಿನ ಹೊಳಿಯಮ್ಮನ ಮೂಗಿನ ಮೇಲೆ ಕೂತಿತ್ತು. ಎಲ್ಲರೂ ತಿರುಗಿ ಕೊಟ್ಟರೂ ಆಕೆ ಕೊಟ್ಟಿರಲಿಲ್ಲ. ಡಬ್ಬಿಯ ಮೇಲೆ ನನ್ನ ಹೆಸರಿದೆ, ನನ್ನದು ಅಂತ ಬೇರೆ ಬಂದಾಗ ಇದನ್ನು ಬಿಡುತ್ತೇನೆ ಎಂದಳು. ಅದರಲ್ಲೂ ಒಂದು ನ್ಯಾಯವಿತ್ತು. ನಿಶಾತ ಆಗಲಿ ಎಂದು ಮುಂದುವರಿದಳು.

ಆಮೇಲಿನ ಎರಡು ತಾಸು ಆ ಭವನದಲ್ಲಿ ನಡೆದದ್ದನ್ನು ಜಾತ್ರೆ ಎನ್ನಲೂಬಹುದು. ಹೆಸರು ಕೂಗಿದ ಹಾಗೆಲ್ಲ ನಗೆ ಏಳುತ್ತಿತ್ತು. ಎಮ್ಮಿ ಹೊಳಿಯಮ್ಮ ಎಂದಾಗ ಆಕೆ ಎದ್ದು, ಎಮ್ಮೆ ಮಾರಿ ಹತ್ತು ವರ್ಷವಾಯಿತು, ಈಗಾದರೂ ಬೇರೆ ಹೆಸರು ಕೊಡಿ ಎಂದು ಅರ್ಜಿ ಹಾಕಿದಳು. ಗಿಡ್ಡ ಹೊಳಿಯಮ್ಮ ತನ್ನ ಹೆಸರು ಬಂದಾಗ ಬೆಂಚು ಹತ್ತಿ ಕೈ ಎತ್ತಿದಳು. ಬೀಡಿ ರಾಜಾಸಾಬ ಚಾಳೀಸು ಹಾಕಿಕೊಂಡವನೇ ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರ ನೋಡಿ ಕಟ್ಟನ್ನು ಕಿಸೆಗೆ ಹಿಂತಿರುಗಿಸಿದ. ನಿಶಾತಳ ಅಪ್ಪ ಕಲಿಸಿದ ಮರ್ಯಾದೆಯ ಪಾಠವೆಲ್ಲ ಆ ಗದ್ದಲದಲ್ಲಿ ತಲೆಕೆಳಗಾಯಿತು. ಯಾರೂ ನೊಂದುಕೊಳ್ಳಲಿಲ್ಲ. ಆ ಬಾಲವಿಲ್ಲದೆ ಕರೆದಾಗಲೇ ಯಾರನ್ನು ಕರೆದದ್ದೆಂದು ತಿಳಿಯದೆ ಅವರು ಒಬ್ಬರ ಮುಖ ಒಬ್ಬರು ನೋಡಿದ್ದರು.

ಅರವತ್ತಮೂರನೆಯ ಹೆಸರೂ ಮುಗಿಯಿತು. ಮೇಜಿನ ಮೇಲೆ ಒಂದು ಡಬ್ಬಿ ಉಳಿದಿತ್ತು. ಕೈ ಖಾಲಿಯಿದ್ದವಳು ಅಗಸಿ ಹೊಳಿಯಮ್ಮ ಒಬ್ಬಳೇ.

"ನೋಡ್ರಿ ಮತ್ತ," ಎಂದಳು ಗಂಟಲಿನವಳು. "ಎಲ್ಲಾರ ಹೆಸರು ಓದಿದ್ರಿ, ನಂದು ಓದಲಿಲ್ಲ. ಇದು ನಂದ ಐತಿ."

ನಿಶಾತ ಕನಕಮ್ಮನ ಕಡೆ ತಿರುಗಿದಳು. ಕನಕಮ್ಮ ಕಿಟಕಿಯಾಚೆ ಕೆರೆಯ ಕಡೆ ನೋಡುತ್ತಿದ್ದಳು. ನಿಶಾತ ನೋಟುಬುಕ್ಕು ಎಳೆದುಕೊಂಡು ಬೆರಳಿಟ್ಟು ನೋಡುತ್ತ ಹೋದಳು. ಮೂವತ್ತೊಂದನೆಯದನ್ನು ಕನಕಮ್ಮ ನುಂಗಿಬಿಟ್ಟಿದ್ದಳು. ಅಲ್ಲಿ ದುಂಡಗಿನ ಅಕ್ಷರದಲ್ಲಿ ಬಾಯಿಬಡಕಿ ಹೊಳಿಯಮ್ಮ ಎಂದು ಬರೆದಿತ್ತು.

ಭವನದಲ್ಲಿದ್ದ ಎಲ್ಲರಿಗೂ ಆ ಹೆಸರು ಗೊತ್ತು. ಗೊತ್ತಿಲ್ಲದವಳು ಗಂಟಲಿನವಳೊಬ್ಬಳೇ. ಜನ ನೆಲ ನೋಡತೊಡಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಪಕ್ಕದಲ್ಲಿದ್ದ ಶಹನಾಜಬೇಗಂ ನಿಶಾತಳ ಕಿವಿಯಲ್ಲಿ ಇನ್ನೊಂದು ವಿಷಯವನ್ನೂ ಉಸುರಿದಳು. ಈ ಇಬ್ಬರು ಹೊಳಿಯಮ್ಮಂದಿರಿಗೆ ನಾಲ್ಕು ವರ್ಷದಿಂದ ಮಾತಿಲ್ಲ. ನಿನ್ನ ಹೊಲಿಗೆ ಸೊಟ್ಟಗಾಗುತ್ತಿದೆ ಎಂದು ಗಂಟಲಿನವಳು ಒಂದು ದಿನ ಎಲ್ಲರೆದುರು ಹೇಳಿದ್ದಳು. ಹೊಟ್ಟೆಕಿಚ್ಚಿನ ಮಾತು ಎಂದು ಅಗಸಿ ಹೊಳಿಯಮ್ಮ ಅಂದಿನಿಂದ ಮುಖ ತಿರುಗಿಸಿದ್ದಳು. ಊರಿನ ಉಳಿದವರೆಲ್ಲ ಹೊಲಿಗೆ ಮೊದಲಿನ ಹಾಗೇ ಇದೆ ಎಂದೇ ಹೇಳುತ್ತ ಬಂದಿದ್ದರು.

ನಿಶಾತ ಆ ಸಾಲಿನ ಮೇಲೆಯೇ ಬೆರಳಿಟ್ಟುಕೊಂಡಳು. ಬಾಲ ಕತ್ತರಿಸಿದ್ದರಿಂದಲೇ ಇಷ್ಟೆಲ್ಲ ಆದದ್ದು. ಈಗ ಮತ್ತೆ ಅದನ್ನೇ ಮಾಡಿದರೆ ಈ ಮುದುಕಿ ಬರಿಗಣ್ಣಲ್ಲೇ ಮನೆಗೆ ಹೋಗುತ್ತದೆ. ಅವಳು ಎದ್ದು ನಿಂತು, ಇದ್ದ ಮರ್ಯಾದೆಯನ್ನೆಲ್ಲ ದನಿಗೆ ಹಾಕಿ ಓದಿದಳು.

"ಮೂವತ್ತೊಂದು. ಬಾಯಿಬಡಕಿ ಹೊಳಿಯಮ್ಮಾರು. ಬರ್ರಿ, ನಿಮ್ಮ ಚಾಳೀಸು ತಗೋರಿ."

ಯಾರದು ಆ ಹೆಸರು ಎಂದು ಗಂಟಲಿನವಳು ಹಿಂದೆ ತಿರುಗಿ ನೋಡಿದಳು. ಯಾರೂ ಏಳಲಿಲ್ಲ.

"ನೀವ ರೀ," ಎಂದಳು ನಿಶಾತ. "ಊರಾಗ ನಿಮಗ ಹಂಗ ಕರೀತಾರ. ಹೇಳಾಕ ಯಾರಿಗೂ ಧೈರ್ಯ ಇರಲಿಲ್ಲ."

ಬಾಯಿಬಡಕಿಯ ಬಾಯಿ ಮುಚ್ಚಿತು. ಕೆಂಪು ಚೌಕಟ್ಟಿನ ಹಿಂದೆ ದೊಡ್ಡದಾಗಿ ಕಾಣುತ್ತಿದ್ದ ಆ ಕಣ್ಣುಗಳು ಒಬ್ಬೊಬ್ಬರ ಮೇಲೂ ಹಾದು ಕೊನೆಗೆ ಕನಕಮ್ಮನ ಮೇಲೆ ನಿಂತವು. ಹೀಗೆ ಕರೆಯಲು ಶುರುಮಾಡಿ ಎಷ್ಟು ವರ್ಷವಾಯಿತು ಎಂದು ಕೇಳಿದಳು. ಇಪ್ಪತ್ತು ಎಂದು ಕನಕಮ್ಮ ತಲೆ ತಗ್ಗಿಸಿದಳು.

"ಇಪ್ಪತ್ತು ವರ್ಷ," ಎಂದಳು ಅವಳು. "ಇಡೀ ಊರು ಕೂಡಿ ಒಂದು ಮಾತು ಇಪ್ಪತ್ತು ವರ್ಷ ಮುಚ್ಚಿಟ್ಟೀರಿ. ನನಗಾಗಿದ್ರ ಒಂದ ದಿನ ಆಗ್ತಿದ್ದಿಲ್ಲ ನೋಡ್ರಿ."

ಹೇಳಿ ಅವಳೇ ಮೊದಲು ನಕ್ಕಳು. ಆಮೇಲೆ ಭವನಕ್ಕೆ ಭವನವೇ ಬಿದ್ದು ಬಿದ್ದು ನಕ್ಕಿತು. ನಿಶಾತಳಿಗೆ ನಗುವಿನ ನಡುವೆ ಕಣ್ಣೀರೂ ಬಂತು. ಯಾವುದು ಯಾವುದಕ್ಕೆಂದು ಅವಳು ವಿಚಾರಿಸಲು ಹೋಗಲಿಲ್ಲ. ಬಾಯಿಬಡಕಿ ಮುಂದೆ ಬಂದು ತನ್ನ ಡಬ್ಬಿ ತೆಗೆದುಕೊಂಡಳು. ಸಾದಾ ಕರಿ ಚೌಕಟ್ಟು. ಅದನ್ನು ಒಂದು ಕ್ಷಣ ಬೇಸರದಿಂದ ನೋಡಿ, ಕೆಂಪನೆಯದನ್ನು ತೆಗೆದು ಸೆರಗಿನಿಂದ ಚೆನ್ನಾಗಿ ಒರೆಸಿ, ಯಾರ ಕೈಗೂ ಕೊಡದೆ ತಾನೇ ಹೋಗಿ ಅಗಸಿ ಹೊಳಿಯಮ್ಮನ ಮೂಗಿನ ಮೇಲೆ ಕೂರಿಸಿದಳು. ಕಿವಿಯ ಹಿಂದಿನ ಕೂದಲನ್ನೂ ಸರಿಸಿದಳು.

ಅಗಸಿ ಹೊಳಿಯಮ್ಮ ಮೊದಲು ತನ್ನ ಕೈ ನೋಡಿಕೊಂಡಳು. ಆಮೇಲೆ ಸೂಜಿ ಎತ್ತಿದಳು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಹಿಡಿದಳು. ಒಂದು ಸಲ ತಪ್ಪಿತು. ಎರಡನೆಯ ಸಲಕ್ಕೆ ದಾರ ಸೂಜಿಯ ಕಣ್ಣು ದಾಟಿ ಆಚೆ ಬಂತು. ಅದನ್ನು ಎಳೆದು ಎತ್ತಿ ಹಿಡಿದಾಗ ಹೆಂಗಸರೆಲ್ಲ ಮದುವೆಮನೆಯವರ ಹಾಗೆ ಗಲಗಲ ಎಂದರು.

ಮುದುಕಿ ಖುಷಿಯಲ್ಲೇ ಕೌದಿ ಬಿಡಿಸಿಕೊಂಡು ಹೊಲಿಯಲು ಬಾಗಿತು. ಬಾಗಿದ್ದು ಹಾಗೇ ನಿಂತಿತು. ಹೊಲಿಗೆಯ ಸಾಲುಗಳು ಗದ್ದೆಯ ಬದುವಿನ ಹಾಗೆ ನೆಟ್ಟಗೆ ಹೋಗಬೇಕಿತ್ತು. ಇಲ್ಲಿ ಒಂದು ಮೇಲೆ ಹತ್ತಿ, ಇನ್ನೊಂದು ಕೆಳಗಿಳಿದು, ಎರಡು ಸಾಲು ಅಡ್ಡಾಡಿ ಒಂದರೊಳಗೊಂದು ಸೇರಿಕೊಂಡಿದ್ದವು. ಅವಳು ಅಂಚಿನಿಂದ ಅಂಚಿಗೆ ಬೆರಳು ಓಡಿಸುತ್ತ ಎಲ್ಲವನ್ನೂ ನೋಡಿದಳು. ಮೆಚ್ಚಿಕೊಳ್ಳುತ್ತ ಬಂದ ನೆರೆಯವರ ಮುಖಗಳನ್ನೂ ಒಂದೊಂದಾಗಿ ನೋಡಿದಳು. ಅವರೆಲ್ಲ ಈಗ ತಮ್ಮ ಹೊಸ ಚಾಳೀಸು ಒರೆಸುವುದರಲ್ಲಿ ಮಗ್ನರಾಗಿದ್ದರು.

ಅಷ್ಟರಲ್ಲಿ ನಿಶಾತಳ ಫೋನು ಹೊಡೆದುಕೊಂಡಿತು. ಕಾಶಿನಾಥ ಸರ್, ಅನುಮಾನದ ದನಿಯಲ್ಲಿ, ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಅರವತ್ತಮೂರಕ್ಕೆ ಅರವತ್ತಮೂರೂ ಮುಟ್ಟಿದವು ಎಂದಳು. ಕುಷ್ಟಗಿಯ ಪಟ್ಟಿಯಲ್ಲಿ ಊರು ಕರೆಯುವ ಹೆಸರನ್ನು ಒಂದು ಅಕ್ಷರವೂ ಬಿಡದೆ ಬರೆಸುತ್ತೇನೆ ಎಂದೂ ಸೇರಿಸಿದಳು. ಹಾಗಾದರೆ ಸೋಮವಾರವೇ ಹೊರಡು ಎಂದರು ಅವರು.

ಅವಳು ಫೋನು ಇಟ್ಟು ತಿರುಗಿದಾಗ ಅಗಸಿ ಹೊಳಿಯಮ್ಮ ಪಕ್ಕದಲ್ಲಿ ನಿಂತಿದ್ದವಳ ಸೆರಗು ಹಿಡಿದು ಜಗ್ಗುತ್ತಿದ್ದಳು.

"ಸೊಟ್ಟ ಅದಾವಲ್ಲ," ಎಂದಳು ಮುದುಕಿ. "ಊರಾಗ ನೀ ಒಬ್ಬಾಕಿ ಖರೇ ಹೇಳಿದ್ದಿ. ನಾ ನಿನ್ನ ಸಂಗಾಟ ಮಾತ ಬಿಟ್ಟೆ."

ಬಾಯಿಬಡಕಿ ಬಾಗಿ ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಗಸಿ ಹೊಳಿಯಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೌದಿಯ ಒಂದು ತುದಿಯನ್ನು ಅವಳ ಮಡಿಲಿಗೆ ಹಾಕಿದಳು.

"ಆ ಕಡಿಂದ ನೀ ಬಿಚ್ಚಕೋತ ಬಾ," ಎಂದಳು. "ಈ ಕಡಿಂದ ನಾ ಬರ್ತೀನಿ."